ಲೈಬ್ರರಿಯ ಮೇಜಿನ ಮೇಲೆ ಒಂದು ಹನಿ ನೀರು

ಶಾಲೆಯ ಲೈಬ್ರರಿಯಲ್ಲಿ ತಂತಿ, ಕತ್ತರಿ, ನೀರಿನ ತಟ್ಟೆ ಇಡಿ ಅಂದರೆ ತುಂಬ ಜನ ಗಾಬರಿಯಾಗುತ್ತಾರೆ. ಮಂಗಳೂರಿನ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ, ಹಾಗಾಗಿ ಆ ಗಾಬರಿ ಸುಮ್ನೆ ಅಲ್ಲ. ಆದರೂ ಕಪಾಟುಗಳಿಂದ ದೂರ, ಕಿಟಕಿ ಪಕ್ಕದ ಒಂದು ಮೇಜನ್ನು ಮಕ್ಕಳ ಕೈಕೆಲಸಕ್ಕೆ ಬಿಟ್ಟುಕೊಡಲೇಬೇಕು.

ತೆಳ್ಳಗಿನ ತಾಮ್ರದ ತಂತಿಯನ್ನು ಸಣ್ಣ ಮೊಳೆಗೆ ಒಂದು ಸುತ್ತು ಸುತ್ತಿ. ಮೊಳೆ ತೆಗೆದರೆ ಪುಟ್ಟ ಬಳೆ ಉಳಿಯುತ್ತದೆ. ನೀರಿಗೆ ಅದ್ದಿ ಎತ್ತಿದರೆ ಅದರೊಳಗೆ ಹನಿ ನಿಲ್ಲುತ್ತದೆ. ನಿನ್ನೆಯ ಪೇಪರಿನ ಮೇಲೆ ಹತ್ತಿರಕ್ಕೆ ಹಿಡಿದು, ಕಣ್ಣನ್ನೂ ಹತ್ತಿರ ತಂದು ನೋಡಿ: ಒತ್ತಕ್ಷರಗಳು ದಪ್ಪಗೆ ಕಾಣುತ್ತವೆ, ಬಣ್ಣದ ಫೋಟೋದಲ್ಲಿ ಮುಖ ಹೋಗಿ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಸಿಗುತ್ತವೆ. ಈಗ ತಂತಿಯನ್ನು ಮೆಲ್ಲಗೆ ತಟ್ಟಿ ಸ್ವಲ್ಪ ನೀರು ಬೀಳಿಸಿ. ಅದೇ ಅಕ್ಷರ ಚಿಕ್ಕದಾಗಿಬಿಡುತ್ತದೆ! ತುಂಬಿದ ಹನಿಯ ಮೈ ಉಬ್ಬಿರುತ್ತದೆ, ಅದು ಪೀನ ಮಸೂರ. ನೀರು ಕಡಿಮೆಯಾದಾಗ ನಡು ತಗ್ಗಿ ನಿಮ್ನ ಮಸೂರ ಆಗುತ್ತದೆ. ಮಕ್ಕಳು ಪರೀಕ್ಷೆಗೆಂದು ಬಾಯಿಪಾಠ ಮಾಡುವ ವಿಷಯ ಇದೇ ಅಲ್ವಾ?

ಇನ್ನೂ ದೊಡ್ಡದಾಗಿ ಕಾಣಬೇಕಾದರೆ? ದೊಡ್ಡ ಹನಿ ಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆಗ ಕೈ ಕಪಾಟಿನ ಕಡೆ ಹೋಗಬೇಕು. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ 1670ರ ದಶಕದಲ್ಲಿ ನೀರಿನೊಳಗಿನ ಸೂಕ್ಷ್ಮಜೀವಿಗಳನ್ನು ಕಂಡದ್ದು ಒಂದೇ ಒಂದು ಪುಟಾಣಿ ಗಾಜಿನ ಮಸೂರದಿಂದ. ಆತ ಮಾಡಿದ, ಈಗಲೂ ಉಳಿದಿರುವ ಒಂದು ಮಸೂರ ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಮಸೂರದ ಗುಂಡು ಚಿಕ್ಕದಾದಷ್ಟೂ ಉಬ್ಬು ಜಾಸ್ತಿ, ಬೆಳಕು ಬಾಗುವುದೂ ಜಾಸ್ತಿ. ಇದನ್ನು ಓದಿದ ಹುಡುಗಿ ಮತ್ತೆ ಮೇಜಿಗೆ ಬಂದು ಇನ್ನೂ ಸಣ್ಣ ಮೊಳೆ ಹುಡುಕುತ್ತಾಳೆ. ಲ್ಯಾಬಿನಲ್ಲಿ ಪೀರಿಯಡ್ಡು, ರೆಕಾರ್ಡ್ ಬುಕ್ಕು, ಮಾರ್ಕಿನ ಅವಸರ. ಪುಸ್ತಕಕ್ಕೂ ವಸ್ತುವಿಗೂ ನಡುವೆ ಹೀಗೆ ಓಡಾಡಲು ಲೈಬ್ರರಿಯಲ್ಲೇ ಪುರುಸೊತ್ತು.

ಪಿಲಿಕುಳದ ವಿಜ್ಞಾನ ಕೇಂದ್ರ ನಮ್ಮಲ್ಲೇ ಇರುವುದು ಭಾಗ್ಯ. ಆದರೆ ಅಲ್ಲಿಗೆ ದಿನಾ ಹೋಗಲಾಗದು. ಮಕ್ಕಳು ಕೈಯಾರೆ ಮಾಡಿ ಕಲಿಯಲೆಂದು ಸರ್ಕಾರ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್ ಎಲ್ಲ ಶಾಲೆಗೂ ಸಿಕ್ಕಿಲ್ಲ. ಹಾಗಾಗಿ ಲೈಬ್ರರಿಯ ಮೇಜೇ ಬೇಕು. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಗಣಿತದ ಮೇಷ್ಟ್ರು. ಗ್ರಂಥಾಲಯಗಳಿಗೆ ಅವರು ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಅನ್ನುವುದು.

ತಟ್ಟೆ ಮೇಜು ಬಿಟ್ಟು ಕದಲಬಾರದು, ಪುಸ್ತಕ ಮುಟ್ಟುವ ಮೊದಲು ಕೈ ಒರೆಸಿಕೊಳ್ಳಬೇಕು. ಶುರು ಮಾಡಲು ಇಷ್ಟು ನಿಯಮ ಸಾಕು.