ಹತ್ತೊಂಬತ್ತು ಊರು, ಮೂವತ್ತು ರಾತ್ರಿ

ಎಕ್ಸೆಲ್ ಶೀಟನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ನಾಲ್ಕು ಮಡಿಕೆ ಮಾಡಿ ತಂದಿದ್ದರು. ಬಿಡಿಸಿದರೆ ನನ್ನ ಮೇಜು ತುಂಬಿಹೋಯಿತು. ಪ್ರವಾಸದ ಯೋಜನೆ ಮಾಡಿಕೊಡುವುದು ನನ್ನ ಕೆಲಸ; ಬಂದವರು ಹಾಸನದ ದಂಪತಿ. ಯಜಮಾನರು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ಅವರ ಮನೆಯವರು ಬ್ಯಾಂಕಿನಲ್ಲಿದ್ದವರು. ಮಗಳು-ಅಳಿಯ ಮ್ಯೂನಿಕ್‌ನಲ್ಲಿದ್ದಾರೆ. ಯುರೋಪಿಗೆ ಹೋಗುವುದು ಜೀವಮಾನದಲ್ಲಿ ಒಂದೇ ಸಲ, ಹಾಗಾಗಿ ಯಾವುದನ್ನೂ ಬಿಡಬಾರದು ಎಂಬುದು ಇಬ್ಬರ ನಿರ್ಧಾರ.

ಹಾಳೆಯಲ್ಲಿ ಇದ್ದದ್ದು: ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ಬುಡಾಪೆಸ್ಟ್, ವಿಯೆನ್ನಾ, ಹಾಲ್‌ಸ್ಟಾಟ್, ಸಾಲ್ಜ್‌ಬರ್ಗ್, ಮ್ಯೂನಿಕ್, ಲೂಸರ್ನ್, ಇಂಟರ್‌ಲಾಕೆನ್, ಮಿಲಾನ್, ವೆನಿಸ್, ಫ್ಲಾರೆನ್ಸ್, ರೋಮ್, ಬಾರ್ಸಿಲೋನಾ, ಮ್ಯಾಡ್ರಿಡ್, ಲಿಸ್ಬನ್. ಅಲ್ಲಿಂದ ವಾಪಸ್ ಪ್ಯಾರಿಸ್‌ಗೆ ಬಂದು ವಿಮಾನ. ಹತ್ತೊಂಬತ್ತು ಊರು, ಹನ್ನೊಂದು ದೇಶ, 31 ದಿನ.

"ಎಲ್ಲಾ ಹತ್ತಿರ ಹತ್ತಿರವೇ ಇದೆ ಮೇಡಂ, ನಾನು ಮ್ಯಾಪಲ್ಲಿ ನೋಡಿದೀನಿ" ಅಂದರು ಯಜಮಾನರು.

ಈ "ಹತ್ತಿರ" ಅನ್ನುವ ಪದದ ಮೇಲೆ ನನಗೆ ಹಳೆಯ ಸಿಟ್ಟಿದೆ. ಹಾಸನಕ್ಕೆ ಅರಸೀಕೆರೆ ಹತ್ತಿರ. ಅರಸೀಕೆರೆಗೆ ಕಡೂರು ಹತ್ತಿರ, ಕಡೂರಿಗೆ ಬೀರೂರು ಇನ್ನೂ ಹತ್ತಿರ. ಹೀಗೇ ಹತ್ತಿರ ಹತ್ತಿರ ಅಂತ ಹೋಗುತ್ತಾ ಹೋದರೆ ರಾತ್ರಿ ಹುಬ್ಬಳ್ಳಿಯಲ್ಲಿ ಇಳಿದಿರುತ್ತೀರಿ. ವಿಯೆನ್ನಾದಿಂದ ಬುಡಾಪೆಸ್ಟ್ ಎರಡೂ ಮುಕ್ಕಾಲು ಗಂಟೆಯೂ ಇಲ್ಲ ಎಂಬುದು ನಿಜ. ಆದರೆ ಹಾಳೆಯಲ್ಲಿ ಅದು ಸೇರಿಕೊಂಡದ್ದು ವಿಯೆನ್ನಾದ ಪಕ್ಕದಲ್ಲಿ ಕಂಡಿತು ಅನ್ನುವ ಒಂದೇ ಕಾರಣಕ್ಕೆ.

ಇಂಥ ಹಾಳೆ ಬಂದಾಗ ನಾನು ಮೊದಲು ದಿನಗಳ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ರಾತ್ರಿ ಅಂತ ಬರೆಯುತ್ತೇನೆ. 31 ದಿನ ಅಂದರೆ 30 ರಾತ್ರಿ. ಒಂದು ಊರಿನಲ್ಲಿ ಎರಡು ರಾತ್ರಿ ಉಳಿದರೆ ಕೈಗೆ ಸಿಗುವುದು ಒಂದೇ ಪೂರ್ತಿ ದಿನ. ಒಂದು ರಾತ್ರಿ ಉಳಿದರೆ ಪೂರ್ತಿ ದಿನ ಸೊನ್ನೆ. ಅವರ ಹಾಳೆಯಲ್ಲಿ ಎಂಟು ಊರುಗಳ ಎದುರು ಒಂದೊಂದೇ ರಾತ್ರಿ ಇತ್ತು.

"ಎರಡು ಗಂಟೆ ಪ್ರಯಾಣಕ್ಕೆ ಅಷ್ಟೊಂದು ಹೊತ್ತು ಹೋಗುತ್ತಾ?" ಅಂತ ಅವರ ಮನೆಯವರು, ಅಂದರೆ ಅಮ್ಮ, ಕೇಳಿದರು. ಅವರ ಹಾಳೆಯಲ್ಲೇ ಇದ್ದ ವೆನಿಸ್‌ನಿಂದ ಫ್ಲಾರೆನ್ಸ್‌ಗೆ ಹೋಗುವ ದಿನವನ್ನು ಎತ್ತಿಕೊಂಡೆ. ರೈಲಿನಲ್ಲಿ ಎರಡೂಕಾಲು ಗಂಟೆಯ ದಾರಿ. ಏಳಕ್ಕೆ ಎದ್ದು ಸ್ನಾನ ಮುಗಿಸಿ, ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆದು, ತಿಂಡಿ ತಿಂದು, ಬೀಗದ ಕೈ ಕೊಟ್ಟು ಹೊರಬೀಳುವಾಗ ಒಂಬತ್ತೂವರೆ. ವೆನಿಸ್‌ನ ಒಳಗೆ ಆಟೋ, ಕಾರು ಏನೂ ಇಲ್ಲ. ಸೇತುವೆಗಳಿಗೆಲ್ಲ ಮೆಟ್ಟಿಲು, ಇಬ್ಬರ ಬ್ಯಾಗನ್ನೂ ನೀವೇ ಎತ್ತಬೇಕು. ನೀರುಬಸ್ಸು ಹಿಡಿದು ಸಾಂತಾ ಲುಚೀಯಾ ಸ್ಟೇಷನ್ ತಲುಪುವಾಗ ಹತ್ತೂವರೆ. ಯಾವ ಪ್ಲಾಟ್‌ಫಾರ್ಮ್ ಅಂತ ಬೋರ್ಡಿನಲ್ಲಿ ಬರುವುದು ರೈಲು ಹೊರಡುವ ಸ್ವಲ್ಪ ಮುಂಚೆ. ಅಲ್ಲಿಯವರೆಗೆ ಕತ್ತೆತ್ತಿ ನಿಲ್ಲಬೇಕು. ಹನ್ನೊಂದೂಕಾಲಿನ ರೈಲು ಅಂತ ಇಟ್ಟುಕೊಳ್ಳಿ, ಫ್ಲಾರೆನ್ಸ್‌ನಲ್ಲಿ ಇಳಿದಾಗ ಒಂದೂವರೆ. ಕಲ್ಲುಹಾಸಿನ ಬೀದಿಯಲ್ಲಿ ಚಕ್ರದ ಬ್ಯಾಗ್ ಎಳೆದುಕೊಂಡು ಹೋಟೆಲ್ ಮುಟ್ಟಿದರೆ, ರೂಮು ಮೂರು ಗಂಟೆಗೆ ಅನ್ನುತ್ತಾರೆ. ಬ್ಯಾಗ್ ಅಲ್ಲೇ ಬಿಟ್ಟು, ಮಾಂಸ ಹಾಕದ ಊಟ ಹುಡುಕಿ, ತಿಂದು ಎದ್ದಾಗ ಮೂರೂವರೆ. ಉಫೀಝಿ ಕಲಾಸಂಗ್ರಹಾಲಯಕ್ಕೆ ಕೊನೆಯ ಪ್ರವೇಶ ಐದೂವರೆಗೆ, ಆರೂವರೆಗೆ ಬಾಗಿಲು. ಅದು ಸೋಮವಾರವಾಗಿದ್ದರೆ ಇಡೀ ದಿನ ಬಾಗಿಲು ಹಾಕಿರುತ್ತದೆ.

ಯಜಮಾನರು ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದರು. ಹದಿನೆಂಟು ಸಲ ಊರು ಬದಲು, ಸಲಕ್ಕೆ ಅರ್ಧ ದಿನ, ಒಟ್ಟು ಒಂಬತ್ತು ದಿನ. "ಒಂಬತ್ತು ದಿನ ಬ್ಯಾಗ್ ಎಳೆಯೋದೇ ಆಯ್ತಲ್ಲ" ಅಂದರು. ಅರ್ಧ ದಿನ ಅನ್ನುವುದು ಬಹಳ ಉದಾರವಾದ ಲೆಕ್ಕ ಅಂತ ನಾನು ಆಗ ಹೇಳಲಿಲ್ಲ.

ಪಟ್ಟಿ ಕಡಿಮೆ ಮಾಡಿ ಅಂದರೆ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಯಾವ ಊರು ಬೇಡ ಅಂತ ಯೋಚಿಸುತ್ತಾರೆ. ಯಾವ ಊರೂ ಬೇಡವಾಗಿರುವುದಿಲ್ಲ, ಹಾಗಾಗಿ ಒಂದೂ ಹೋಗುವುದಿಲ್ಲ. ನಾನು ಕೇಳುವುದು ಯಾವ ಪ್ರಯಾಣ ಬೇಡ ಅಂತ. ಮ್ಯಾಪಿನಲ್ಲಿ ಚುಕ್ಕೆಗಳನ್ನು ಮರೆತು ಗೆರೆಗಳನ್ನು ಮಾತ್ರ ನೋಡಿ, ಅತಿ ಉದ್ದದ ಗೆರೆ ಯಾವುದೋ ಅದನ್ನು ಕತ್ತರಿಸಿ. ಅದರ ತುದಿಯಲ್ಲಿರುವ ಊರು ತಾನಾಗಿ ಉದುರುತ್ತದೆ, ಅದು ಎಷ್ಟೇ ಚೆಂದದ್ದಿರಲಿ.

ಹೀಗೆ ಮೊದಲು ಉದುರಿದ್ದು ಬಾರ್ಸಿಲೋನಾ, ಮ್ಯಾಡ್ರಿಡ್, ಲಿಸ್ಬನ್. ರೋಮ್‌ನಿಂದ ಬಾರ್ಸಿಲೋನಾಗೆ ನೇರ ರೈಲಿಲ್ಲ, ಒಂದು ಹಗಲಿನಲ್ಲಿ ಮುಗಿಯುವ ದಾರಿಯೂ ಅಲ್ಲ. ಮ್ಯಾಡ್ರಿಡ್‌ನಿಂದ ಲಿಸ್ಬನ್‌ಗೆ ಇದ್ದ ರಾತ್ರಿ ರೈಲು 2020ರಲ್ಲಿ ನಿಂತಿತು. ಈಗ ಆ ಎರಡು ರಾಜಧಾನಿಗಳ ನಡುವೆ ರೈಲಿನಲ್ಲಿ ಹೋಗಬೇಕೆಂದರೆ ಗಡಿಯ ಸಣ್ಣ ಊರುಗಳಲ್ಲಿ ಇಳಿದು ಹತ್ತಬೇಕು. ಲಿಸ್ಬನ್‌ನಿಂದ ಪ್ಯಾರಿಸ್‌ಗೆ ವಾಪಸಾಗುವುದಂತೂ ಎರಡು ದಿನದ ಕೆಲಸ. ಮೂರು ಊರಿಗಾಗಿ ನಾಲ್ಕು ದಿನ ರೈಲಿನಲ್ಲೇ.

ಅಮ್ಮನ ಮುಖ ಸಪ್ಪಗಾಯಿತು. ಹತ್ತೊಂಬತ್ತರಲ್ಲಿ ಅವರು ತಾವಾಗಿ ಕೇಳಿ ಸೇರಿಸಿದ್ದು ಬಾರ್ಸಿಲೋನಾ ಒಂದೇ, ವಾಸ್ತುಶಿಲ್ಪಿ ಗೌಡಿಯ ಸಗ್ರಾದಾ ಫಮೀಲಿಯಾ ಚರ್ಚ್ ನೋಡಬೇಕು ಅಂತ. "1882ರಲ್ಲಿ ಶುರುವಾದ ಕೆಲಸ ಅಮ್ಮ, ಇನ್ನೂ ಮುಗಿದಿಲ್ಲ. ನಿಮಗಾಗಿ ಇನ್ನೆರಡು ವರ್ಷ ಕಾಯುತ್ತೆ" ಅಂದೆ. ನಕ್ಕರು, ಆದರೆ ಪೂರ್ತಿ ಮನಸ್ಸಿನಿಂದಲ್ಲ. ಸ್ಪೇನ್-ಪೋರ್ಚುಗಲ್‌ಗೆ ಬೇರೆಯೇ ಒಂದು ಹನ್ನೆರಡು ದಿನದ ಹಾಳೆ ಮಾಡಿ ಅವರ ಕೈಗೆ ಕೊಟ್ಟೆ. ಬಿಟ್ಟ ಊರಿಗೆ ಒಂದು ಜಾಗ ತೋರಿಸದೆ ಹೊಡೆದುಹಾಕಿದರೆ ಅದು ರಾತ್ರಿ ಮತ್ತೆ ಪಟ್ಟಿಗೆ ಬಂದು ಕೂತಿರುತ್ತದೆ, ಇದು ಈ ಕಸುಬಿನಲ್ಲಿ ಕಲಿತ ಪಾಠ.

ಆಮೇಲೆ ವಿಮಾನ. ಹೋದಲ್ಲಿಂದಲೇ ವಾಪಸ್ ಬರಬೇಕು ಅನ್ನುವುದು ಬಸ್ಸಿನ ಕಾಲದ ಅಭ್ಯಾಸ. ಪ್ಯಾರಿಸ್‌ನಲ್ಲಿ ಇಳಿದು ರೋಮ್‌ನಿಂದ ಹೊರಡುವ ಟಿಕೆಟ್ ಹೆಚ್ಚಿನ ಸಲ ಅದೇ ಆಸುಪಾಸಿನ ಬೆಲೆಗೆ ಸಿಗುತ್ತದೆ; ಸ್ವಲ್ಪ ಜಾಸ್ತಿಯಾದರೂ ರೋಮ್-ಪ್ಯಾರಿಸ್ ನಡುವೆ ರೈಲಿನಲ್ಲಿ ಕಳೆಯುವ ಒಂದಿಡೀ ದಿನ ಉಳಿಯುತ್ತದೆ. ಆ ದಾರಿಯನ್ನು ನೆಚ್ಚಿಕೊಳ್ಳುವಂತೆಯೂ ಇಲ್ಲ. 2023ರ ಆಗಸ್ಟ್‌ನಲ್ಲಿ ಆಲ್ಪ್ಸ್‌ನ ಮೊರಿಯೆನ್ ಕಣಿವೆಯಲ್ಲಿ ಗುಡ್ಡ ಕುಸಿದು ಪ್ಯಾರಿಸ್-ಮಿಲಾನ್ ನೇರ ರೈಲು ನಿಂತದ್ದು, ಮತ್ತೆ ಓಡಿದ್ದು 2025ರ ಮಾರ್ಚ್ ಕೊನೆಗೆ.

ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ವಿಷಯಕ್ಕೆ ಯಜಮಾನರು ಜಗ್ಗಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ ಊರುಗಳು, ಅವರ ಹಟ ನನಗೆ ಅರ್ಥವಾಗುತ್ತಿತ್ತು. ಇಲ್ಲಿ ಕೈಹಿಡಿದದ್ದು ಮಗಳ ಮನೆ. ಹಾಳೆಯಲ್ಲಿ ಮ್ಯೂನಿಕ್‌ಗೆ ಎರಡೇ ರಾತ್ರಿ ಇಟ್ಟಿದ್ದರು, ಅದೂ ಮಧ್ಯದಲ್ಲಿ ಸಿಗುತ್ತೆ ಅಂತ. ಅದನ್ನೇ ಠಿಕಾಣಿ ಮಾಡಿಕೊಂಡರೆ ದೊಡ್ಡ ಸೂಟ್‌ಕೇಸ್ ಅಲ್ಲೇ ಬಿಟ್ಟು, ಕೈಚೀಲ ಹಿಡಿದು ಹೋಗಿಬರಬಹುದು. ಮ್ಯೂನಿಕ್‌ನಿಂದ ವಿಯೆನ್ನಾಗೆ ನೇರ ರೈಲು, ನಾಲ್ಕು ಗಂಟೆ. ಬರ್ಲಿನ್‌ಗೂ ವೇಗದ ರೈಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಪ್ರಾಗ್‌ಗೆ ಐದೂವರೆಗಿಂತ ಜಾಸ್ತಿ. ಒಂದು ಆರಿಸಿ ಸರ್ ಅಂದೆ. ಎರಡು ದಿನ ಬಿಟ್ಟು ಫೋನ್ ಮಾಡಿ ವಿಯೆನ್ನಾ ಅಂದರು.

ಸಾಲ್ಜ್‌ಬರ್ಗ್ ಪಟ್ಟಿಯಲ್ಲೇ ಉಳಿಯಿತು, ಆದರೆ ರಾತ್ರಿ ಇಲ್ಲದೆ. ಬವೇರಿಯಾ ರಾಜ್ಯದ ಒಂದು ದಿನದ ಟಿಕೆಟ್ ಸಾಲ್ಜ್‌ಬರ್ಗ್‌ವರೆಗೂ ನಡೆಯುತ್ತದೆ. ಎಕ್ಸ್‌ಪ್ರೆಸ್ ಹತ್ತುವ ಹಾಗಿಲ್ಲ, ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ಮೇಲೆ ಹೊರಡಬೇಕು, ಅಷ್ಟೆ. ಹಾಲ್‌ಸ್ಟಾಟ್ ಹೋಯಿತು. ಸ್ಟೇಷನ್ ಸರೋವರದ ಈಚೆ ದಡದಲ್ಲಿ, ಊರು ಆಚೆ ದಡದಲ್ಲಿ, ನಡುವೆ ದೋಣಿ. ಒಂದು ಫೋಟೋಗಾಗಿ ಮ್ಯೂನಿಕ್‌ನಿಂದ ಹೋಗಿಬರಲು ಏಳೆಂಟು ಗಂಟೆ. ಬ್ರಸೆಲ್ಸ್‌ಗೆ ಏನು ಕಾರಣ ಅಂತ ಕೇಳಿದೆ. "ದಾರೀಲಿ ಬರುತ್ತಲ್ಲ." ನನ್ನ ಮೊದಲ ಯುರೋಪ್ ಪ್ರವಾಸದಲ್ಲಿ ಹದಿನೈದು ದಿನಕ್ಕೆ ಹನ್ನೆರಡು ಊರು ಸುತ್ತಿದ್ದೆ. ಬ್ರಸೆಲ್ಸ್ ಅಂದರೆ ನನಗೆ ಇವತ್ತಿಗೂ ನೆನಪಿರುವುದು ಸ್ಟೇಷನ್ ಲಾಕರಿಗೆ ಹಾಕಲು ಚಿಲ್ಲರೆ ಸಿಗದೆ ಒದ್ದಾಡಿದ್ದು ಮಾತ್ರ. ಅದನ್ನು ಹೇಳಿದ ಮೇಲೆ ಅವರೇ ಗೆರೆ ಎಳೆದರು.

ಸ್ವಿಟ್ಜರ್ಲೆಂಡ್‌ನಲ್ಲಿ ಎರಡು ಊರು ಬೇಕೇ? ಲೂಸರ್ನ್‌ನಿಂದ ಇಂಟರ್‌ಲಾಕೆನ್‌ಗೆ ಎರಡು ಗಂಟೆ, ಬ್ರೂನಿಗ್ ಘಟ್ಟದ ಮೇಲೆ ಹೋಗುವ ಆ ದಾರಿಯನ್ನು ನೋಡಲೆಂದೇ ಹೋಗಬಹುದು. ಲೂಸರ್ನ್‌ನಲ್ಲಿ ಮೂರು ರಾತ್ರಿ, ಇಂಟರ್‌ಲಾಕೆನ್‌ಗೆ ಹೋಗಿ ಸಂಜೆ ವಾಪಸ್. ಎಲ್ಲರೂ ಕೇಳುವ, ಹಿಮಬೆಟ್ಟದ ಮೇಲಿನ ರೈಲು ನಿಲ್ದಾಣ ಯುಂಗ್‌ಫ್ರಾವ್‌ಯೋಕ್ ಇರುವುದು 3,454 ಮೀಟರ್ ಎತ್ತರದಲ್ಲಿ. ಮೋಡ ಮುಚ್ಚಿದರೆ ದುಬಾರಿ ಟಿಕೆಟ್ ಕೊಟ್ಟು ಬಿಳಿ ಗೋಡೆ ನೋಡಿ ಬಂದಂತೆ. ಒಂದೇ ರಾತ್ರಿ ಉಳಿಯುವವರು ಹವೆ ಹೇಗಿದ್ದರೂ ಹೋಗಲೇಬೇಕು; ಮೂರು ರಾತ್ರಿ ಇದ್ದವರು ಬೆಳಗ್ಗೆ ಎದ್ದು ಮೇಲಿನ ಕ್ಯಾಮೆರಾದ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ಇವತ್ತೋ ನಾಳೆಯೋ ಅಂತ ತೀರ್ಮಾನಿಸಬಹುದು. ಪಟ್ಟಿ ಕತ್ತರಿಸಿದ್ದರ ಲಾಭ ಏನು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಮಿಲಾನ್ ಊರಾಗಿ ಹೋಯಿತು, ಸ್ಟೇಷನ್ ಆಗಿ ಉಳಿಯಿತು. ಲೂಸರ್ನ್‌ನಿಂದ ವೆನಿಸ್‌ಗೆ ಸಾಮಾನ್ಯವಾಗಿ ಅಲ್ಲೇ ರೈಲು ಬದಲಿಸಬೇಕು. ಎರಡು ರೈಲಿನ ನಡುವೆ ಮೂರು ಗಂಟೆ ಬಿಟ್ಟು, ಬ್ಯಾಗನ್ನು ಸ್ಟೇಷನ್ನಿನಲ್ಲಿಟ್ಟು, ಹಳದಿ ಮೆಟ್ರೋದಲ್ಲಿ ನಾಲ್ಕನೇ ನಿಲ್ದಾಣಕ್ಕೆ ಇಳಿದರೆ ಎದುರಿಗೇ ದೊಡ್ಡ ಕ್ಯಾಥೆಡ್ರಲ್.

ಇನ್ನು ರೈಲಿನ ಪಾಸ್. ಒಂದು ತಿಂಗಳಿಡೀ ನಡೆಯುವ ಯೂರೇಲ್ ಪಾಸ್ ತಗೋಬೇಕು ಅಂತ ಅವರು ಲೆಕ್ಕ ಹಾಕಿದ್ದರು. ಅನ್‌ಲಿಮಿಟೆಡ್ ಊಟಕ್ಕೆ ದುಡ್ಡು ಕೊಟ್ಟವರು ಹೊಟ್ಟೆ ತುಂಬಿದ ಮೇಲೂ ಅನ್ನ ಹಾಕಿಸಿಕೊಳ್ಳುವಂತೆ, ಈ ಪಾಸ್ ಇದ್ದವರು ದಿನಾ ರೈಲು ಹತ್ತುತ್ತಾರೆ. ಊರು ಕಡಿಮೆಯಾದ ಮೇಲೆ ಎಣಿಸಿದರೆ ಉದ್ದದ ಪ್ರಯಾಣ ಏಳೇ ದಿನ ಇತ್ತು; ಒಂದು ತಿಂಗಳೊಳಗೆ ಬೇಕಾದ ಏಳು ದಿನ ಓಡಾಡುವ ಪಾಸ್ ಸಾಕಾಯಿತು. ಅರವತ್ತು ದಾಟಿದವರಿಗೆ ಅದರಲ್ಲಿ ಶೇ 10ರಷ್ಟು ರಿಯಾಯಿತಿ. ಇಟಲಿಯ ಒಳಗಿನ ಎರಡು ಸಣ್ಣ ಓಟಕ್ಕೆ ಮುಂಚೆಯೇ ಬಿಡಿ ಟಿಕೆಟ್. ಪಾಸ್ ಇದ್ದರೆ ಸೀಟೂ ಇದ್ದಂತೆ ಅಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ಪ್ಯಾರಿಸ್-ಆಮ್‌ಸ್ಟರ್‌ಡ್ಯಾಮ್ ಯೂರೋಸ್ಟಾರ್, ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ ಈ ವೇಗದ ರೈಲುಗಳಿಗೆ ಬೇರೆ ದುಡ್ಡು ಕೊಟ್ಟು ಸೀಟು ಕಾದಿರಿಸಬೇಕು. ಯೂರೋಸ್ಟಾರ್‌ನಲ್ಲಿ ಪಾಸಿನವರಿಗೆ ಇಡುವ ಸೀಟುಗಳೂ ಲೆಕ್ಕದವು. ಸ್ವಿಟ್ಜರ್ಲೆಂಡಿನ ಮಾಮೂಲಿ ರೈಲುಗಳಿಗೆ ಈ ತಲೆನೋವಿಲ್ಲ. ಇನ್ನೊಂದು ವಿಚಿತ್ರ: ಅಪ್ಪ-ಅಮ್ಮನಿಗೆ ಯೂರೇಲ್, ಜೊತೆಗೆ ವಿಯೆನ್ನಾಗೆ ಹೊರಟ ಮಗಳಿಗೆ ಇಂಟರ್‌ರೇಲ್. ಪಾಸ್‌ಪೋರ್ಟ್ ಮೂವರದ್ದೂ ಭಾರತದ್ದೇ, ಆದರೆ ಇಲ್ಲಿ ನೋಡುವುದು ವಾಸ ಎಲ್ಲಿ ಅಂತ.

ಆಮ್‌ಸ್ಟರ್‌ಡ್ಯಾಮ್‌ನಿಂದ ಮ್ಯೂನಿಕ್‌ವರೆಗಿನ ಎಂಟು ಗಂಟೆಯ ದಿನಕ್ಕೆ ಬೇರೇನೂ ಇಡಲಿಲ್ಲ. 2024ರಲ್ಲಿ ಜರ್ಮನಿಯ ದೂರದ ರೈಲುಗಳಲ್ಲಿ ಶೇ 62.5ರಷ್ಟೇ ಸಮಯಕ್ಕೆ ಬಂದವು, ಅದೂ ಆರು ನಿಮಿಷದೊಳಗಿನ ತಡವನ್ನು ತಡ ಅಂತ ಎಣಿಸದೆ. ರೈಲು ಬದಲಿಸಲು ಆ್ಯಪ್ ಎಂಟು ನಿಮಿಷ ಸಾಕು ಅಂದರೆ ನಾನು ಅದರ ಮುಂದಿನ ರೈಲನ್ನು ಬರೆದುಕೊಡುತ್ತೇನೆ.

ಕೊನೆಗೆ ಉಳಿದದ್ದು: ಪ್ಯಾರಿಸ್ 4, ಆಮ್‌ಸ್ಟರ್‌ಡ್ಯಾಮ್ 3, ಮ್ಯೂನಿಕ್ 5, ವಿಯೆನ್ನಾ 3, ಮತ್ತೆ ಮ್ಯೂನಿಕ್ 4, ಲೂಸರ್ನ್ 3, ವೆನಿಸ್ 2, ಫ್ಲಾರೆನ್ಸ್ 3, ರೋಮ್ 3. ಎಂಟು ಊರು. ಮ್ಯೂನಿಕ್‌ಗೆ ಒಂಬತ್ತು ರಾತ್ರಿ ಬಂದದ್ದರಿಂದ ವೀಸಾ ಗೊಂದಲವೂ ತೀರಿತು. ಈ ದೇಶಗಳಿಗೆಲ್ಲ ಒಂದೇ ಆದ ಷೆಂಗೆನ್ ವೀಸಾಕ್ಕೆ ಮುಖ್ಯವಾಗಿ ಎಲ್ಲಿ ಉಳಿಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಇಟಲಿಗೆ ಎಂಟು, ಜರ್ಮನಿಗೆ ಒಂಬತ್ತು, ಜೊತೆಗೆ ಮಗಳ ಆಹ್ವಾನ ಪತ್ರ. ಅರ್ಜಿ ಜರ್ಮನಿಗೆ ಹೋಯಿತು.

ಮ್ಯೂನಿಕ್‌ನ ಒಂಬತ್ತರಲ್ಲಿ ಎರಡು ದಿನದ ಎದುರು ನಾನು ಏನೂ ಬರೆದಿರಲಿಲ್ಲ. ಪ್ರಿಂಟ್ ಬಿಟ್ಟುಹೋಗಿದೆ ಅಂತ ಯಜಮಾನರು ಫೋನ್ ಮಾಡಿದರು. ಒಂದು ದಿನ ಬಟ್ಟೆ ಒಗೆಯೋಕೆ, ಭಾನುವಾರ ಸುಮ್ಮನೆ ಇರೋಕೆ ಅಂದೆ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಾಲು-ತರಕಾರಿ ತಂದಿಟ್ಟುಕೊಳ್ಳಿ ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಭಾನುವಾರ ಅಲ್ಲಿಗೂ ಹೋಗಿ ಸುಮ್ನೆ ಇರೋದಾ?" ಅಂದರು. ಹಿಂದಿನಿಂದ ಅಮ್ಮನ ದನಿ ಕೇಳಿಸಿತು, "ಇರಲಿ ಬಿಡಿ, ಮಗಳ ಜೊತೆ ಇರಬಹುದು."

ಜೂನ್‌ನಲ್ಲಿ ಹೊರಟರು. ವಿಯೆನ್ನಾದ ಎರಡನೇ ರಾತ್ರಿ ವಾಟ್ಸ್‌ಆ್ಯಪ್ ಬಂತು: "ಮೇಡಂ, ಬ್ರಾಟಿಸ್ಲಾವಾ ಇಲ್ಲಿಂದ ಒಂದೇ ಗಂಟೆಯಂತೆ. ಇನ್ನೊಂದು ದೇಶದ ರಾಜಧಾನಿ. ನಾಳೆ ಹೋಗಿ ಬರಬಹುದಾ?" ನಾನು ಉತ್ತರ ಟೈಪ್ ಮಾಡುತ್ತಿರುವಾಗಲೇ ಅಮ್ಮನ ನಂಬರಿನಿಂದ ಇನ್ನೊಂದು ಬಂತು. "ಅವರೊಬ್ಬರಿಗೆ ಟಿಕೆಟ್ ಹೇಗೆ ತಗೊಳ್ಳೋದು ಹೇಳಿ ಸಾಕು. ನಾನೂ ಮಗಳೂ ಇಲ್ಲೇ ಕಾಫಿ ಕುಡಿದುಕೊಂಡು ಇರ್ತೀವಿ."