ಟಿವಿ ಸುತ್ತಿದ ರಟ್ಟಿನ ಡಬ್ಬ ಯಾರ ಲೆಕ್ಕ?

ಪೀಣ್ಯದಲ್ಲಿ ರಟ್ಟಿನ ಡಬ್ಬ ಮಾಡುವವರೊಬ್ಬರು ಮೊನ್ನೆ ನನ್ನ ಟೇಬಲ್ ಮೇಲೆ ಒಂದು ಗ್ರಾಫ್ ಇಟ್ಟರು. ಭಾರತ, ಚೀನಾ ಎರಡರ ಕಾಗದ ರಫ್ತು. "2020ರ ನಂತರ ನಮ್ಮ ಗೆರೆ ಹೇಗೆ ಮೇಲೆ ಹೋಗಿದೆ ನೋಡಿ ಸಾರ್. ಆದ್ರೆ ಆಗ ನಾನು ಕ್ರಾಫ್ಟ್ ರೀಲ್ ಸಿಗದೆ ಒದ್ದಾಡ್ತಿದ್ದೆ. ಇದೆಂಥ ಲೆಕ್ಕ?" ಕ್ರಾಫ್ಟ್ ಅಂದರೆ ರಟ್ಟಿನ ಡಬ್ಬಕ್ಕೆ ಬೇಕಾದ ಗಟ್ಟಿ ಕಂದು ಕಾಗದ, ರೀಲ್ ಅಂದರೆ ಅದರ ಸುರುಳಿ.

ಉತ್ತರ ಇರುವುದು ರದ್ದಿಯಲ್ಲಿ.

ಕಸ್ಟಮ್ಸ್ ಪಟ್ಟಿಯಲ್ಲಿ ಕಾಗದ, ರಟ್ಟು ಬರುವುದು 48ನೇ ಅಧ್ಯಾಯದಲ್ಲಿ. ಪಲ್ಪ್, ಅಂದರೆ ಕಾಗದ ಮಾಡುವ ತಿರುಳು, ಮತ್ತು ರದ್ದಿ ಕಾಗದ 47ರಲ್ಲಿ. ಎರಡು ದೇಶಗಳನ್ನು ಹೋಲಿಸುವವರು ಬಹಳಷ್ಟು ಸಲ ಸುಮ್ನೆ 48 ಒಂದನ್ನೇ ತೆಗೆದುಕೊಳ್ಳುತ್ತಾರೆ. ಎಡವುವುದು ಅಲ್ಲೇ.

2016ರಲ್ಲಿ ಚೀನಾ ಹೊರಗಿನಿಂದ ಸುಮಾರು 2.8 ಕೋಟಿ ಟನ್ ರದ್ದಿ ತರಿಸಿತ್ತು. ಅಮೆರಿಕದ ಹಳೇ ಡಬ್ಬ ಅಲ್ಲಿ ಕರಗಿ ಹೊಸ ಡಬ್ಬವಾಗುತ್ತಿತ್ತು. 2018ರಲ್ಲಿ ವಿಂಗಡಿಸದ ರದ್ದಿ ಬೇಡ ಅಂದಿತು. ವಿಂಗಡಿಸಿದ್ದರಲ್ಲೂ ಕಸ ಶೇ 0.5 ಮೀರಬಾರದು ಅಂದಿತು. 2021ರ ಜನವರಿ 1ರಿಂದ ಪೂರ್ತಿ ಬಂದ್.

ಗಿರಣಿಗಳ ಹಸಿವು ಬಂದ್ ಆಗಲಿಲ್ಲ. ವರ್ಷಕ್ಕೆ 10 ಕೋಟಿ ಟನ್‌ಗಿಂತ ಜಾಸ್ತಿ ಕಾಗದ, ರಟ್ಟು ಮಾಡುವ ದೇಶ ಅದು. ರದ್ದಿ ಬರಬಾರದು ಸರಿ, ರದ್ದಿಯಿಂದ ಮಾಡಿದ ರೀಲ್ ಬರಬಹುದು ಅಲ್ವಾ? ನಮ್ಮ ಕ್ರಾಫ್ಟ್ ಗಿರಣಿಗಳು ಹಾಗೇ ಮಾಡಿದವು. ರದ್ದಿ ತಂದು, ಇಲ್ಲಿ ಕರಗಿಸಿ, ರೀಲ್ ಸುತ್ತಿ ಚೀನಾಕ್ಕೆ ಕಳಿಸಿದವು. ಮೊದಲು 47ರಲ್ಲಿ ಚೀನಾ ಸೇರುತ್ತಿದ್ದ ನಾರೇ ಈಗ 48ರಲ್ಲಿ ಸೇರಿತು, ನಮ್ಮ ಮನೆ ಹಾದು. ನೀರು, ಕರೆಂಟು, ಕೊಳೆ ಎಲ್ಲ ನಮ್ಮದು. ಇಲ್ಲಿ ಕ್ರಾಫ್ಟ್ ಬೆಲೆ ಏರಿತು. ರಫ್ತು ತಡೆಯಿರಿ ಅಂತ ಡಬ್ಬ ತಯಾರಕರು ಸರ್ಕಾರದ ಬಾಗಿಲು ತಟ್ಟಿದರು. ಗ್ರಾಫಿನಲ್ಲಿ ಕಾಣುವುದು ಮೇಲೇರಿದ ಗೆರೆ ಮಾತ್ರ. ಅದನ್ನು ಸಾಧನೆ ಅನ್ನಲು ನನಗೆ ಮನಸ್ಸಿಲ್ಲ.

ಇನ್ನು ಚೀನಾದ ಗೆರೆ. ಟಿವಿ ಬರುವುದು ರಟ್ಟಿನ ಡಬ್ಬದಲ್ಲಿ. ಕಸ್ಟಮ್ಸ್‌ನಲ್ಲಿ ಆ ಡಬ್ಬಕ್ಕೆ ಬೇರೆ ಲೆಕ್ಕವಿಲ್ಲ, ಟಿವಿ ಜೊತೆಗೇ 85ನೇ ಅಧ್ಯಾಯಕ್ಕೆ ಹೋಗುತ್ತದೆ. ಬೂಟು, ಆಟಿಕೆ, ಮಿಕ್ಸಿ, ಎಲ್ಲದರ ಡಬ್ಬದ ಕಥೆಯೂ ಇದೇ. ಜಗತ್ತಿಗೆಲ್ಲ ಸಾಮಾನು ಕಳಿಸುವ ದೇಶ ರಟ್ಟನ್ನೂ ಕಳಿಸುತ್ತಿರುತ್ತದೆ, 48ರಲ್ಲಿ ಅದು ಕಾಣುವುದಿಲ್ಲ. ನಮ್ಮ ಗಾರ್ಮೆಂಟ್ಸ್ ಡಬ್ಬಗಳೂ ಹೀಗೇ ಮಾಯವಾಗುತ್ತವೆ.

ಸಣ್ಣಪುಟ್ಟ ತೊಡಕುಗಳೂ ಇವೆ. ನಮ್ಮ ಲೆಕ್ಕದ ವರ್ಷ ಏಪ್ರಿಲ್‌ನಿಂದ, ಅವರದು ಜನವರಿಯಿಂದ. ರಫ್ತಿನ ಬೆಲೆ ಬಂದರಿನವರೆಗಿನದು, ಆಮದಿನ ಬೆಲೆಗೆ ಹಡಗಿನ ಬಾಡಿಗೆ, ವಿಮೆ ಸೇರಿರುತ್ತದೆ. ಹಾಗಾಗಿ ಒಂದೇ ಸರಕಿಗೆ ಎರಡೂ ಕಡೆ ಎರಡು ಅಂಕಿ. ರೂಪಾಯಿಯಲ್ಲಿ ನೋಡಿದರಂತೂ ಮೋಸವೇ. 2011ರ ಮಧ್ಯದಲ್ಲಿ 45ರ ಆಸುಪಾಸಿದ್ದ ಡಾಲರ್ 2022ರಲ್ಲಿ 80 ದಾಟಿತು. ಒಂದು ರೀಲ್ ಕೂಡ ಜಾಸ್ತಿ ಹೋಗದೆ ಗೆರೆ ಏರುತ್ತದೆ.

ನಾನು ಟನ್ ಲೆಕ್ಕ ನೋಡುತ್ತೇನೆ, ಅದೂ ತಿಂಗಳ ಪ್ರಕಾರ. 48ನ್ನು ಇಡಿಯಾಗಿ ಹಿಡಿಯುವುದಿಲ್ಲ. ನ್ಯೂಸ್‌ಪ್ರಿಂಟ್, ಟಿಶ್ಯೂ, ಗೋಡೆಗೆ ಅಂಟಿಸುವ ಕಾಗದ ಎಲ್ಲ ಅದರೊಳಗೇ ಇವೆ. ಡಬ್ಬದವರಿಗೆ ಬೇಕಾದದ್ದು ಅದರೊಳಗೆ ಕ್ರಾಫ್ಟ್ ಬರುವ ಉಪವಿಭಾಗಗಳು, 4804 ಮತ್ತು 4805. ಪಕ್ಕದಲ್ಲಿ 47ರ ಉಪವಿಭಾಗ 4707, ಅಂದರೆ ರದ್ದಿ.

ಅವರು ಗ್ರಾಫ್ ಮಡಚಿ ಜೇಬಿಗಿಟ್ಟರು. "ಅದ್ಯಾವುದೋ ರದ್ದಿ ನಂಬರ್ ಅಂದ್ರಲ್ಲ, ಅದನ್ನ ವಾಟ್ಸಾಪ್ ಮಾಡಿ."