ಖಾಲಿ ಬಿಂದಿಗೆ ಎತ್ತಿದ ಕೈ

ಮಂಡ್ಯದ ನಮ್ಮ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ 1933ರ ‘ಡಕ್ ಸೂಪ್’ ಎಂಬ ಇಂಗ್ಲಿಷ್ ಹಾಸ್ಯಚಿತ್ರದ ಕನ್ನಡಿ ದೃಶ್ಯ ತೋರಿಸಿದಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ತಲೆಬುಡ ಇಲ್ಲದ ಹುಚ್ಚಾಟ” ಅಂತ ಚಿಕ್ಕಪ್ಪ ಗೊಣಗಿದರು. ಈ ಮಾತು ನಾನು ಒಪ್ಪುವುದಿಲ್ಲ. ತಲೆಬುಡ ಇಲ್ಲದ್ದು ಬೇಜಾರು ತರಿಸುತ್ತದೆ, ನಗಿಸುವುದಿಲ್ಲ. ನಗಬೇಕಾದರೆ ಮೊದಲು ಒಂದು ನಿಯಮ ಇರಬೇಕು. ಆಮೇಲೆ ಅದು ಮುರಿಯಬೇಕು.

ತುಂಬಿದೆ ಅಂದುಕೊಂಡು ಬಿಂದಿಗೆ ಎತ್ತುತ್ತೀರಿ. ಅದು ಖಾಲಿ! ಕೈ ಮೇಲಕ್ಕೆ ಹಾರುತ್ತದೆ, ನಗು ಬರುತ್ತದೆ. ಮಿದುಳು ಮೊದಲೇ ಭಾರ ಅಂದಾಜು ಮಾಡಿ ತೋಳಿಗೆ ಬಲ ಕಳಿಸಿರುತ್ತದೆ. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಾಗ ಆಗುವುದೂ ಇದೇ. ಆಲೆಮನೆಯಲ್ಲಿ ಕೊಪ್ಪರಿಗೆಯ ನೊರೆ ನೋಡಿಯೇ ಹದ ಹೇಳುತ್ತಾರಲ್ಲ, ಮಿದುಳು ಹಾಗೆ ಪ್ರತಿ ಕ್ಷಣವೂ ಮುಂದಿನದನ್ನು ಹೇಳುತ್ತಿರುತ್ತದೆ. 1970ರಲ್ಲಿ ಯೋರನ್ ನೆರ್‌ಹಾರ್ಟ್ ಎಂಬ ಮನಶ್ಶಾಸ್ತ್ರಜ್ಞ ಜನರಿಂದ ಒಂದೇ ತರಹದ ತೂಕಗಳನ್ನು ಸಾಲಾಗಿ ಎತ್ತಿಸಿದರು. ಕೊನೆಗೆ ತೀರಾ ಬೇರೆ ಭಾರದ್ದನ್ನು ಕೊಟ್ಟರು. ಜನ ನಕ್ಕರು. ಜೋಕಿಲ್ಲ, ಮಾತಿಲ್ಲ, ಬರೀ ತೂಕ! ಅಂದಾಜು ಜಾಸ್ತಿ ತಪ್ಪಿದಷ್ಟೂ ನಗು ಜಾಸ್ತಿ.

ಅಪಾಯವಿಲ್ಲ ಅನ್ನುವುದೂ ಗೊತ್ತಾಗಬೇಕು. 1928ರ ಮೂಕಿ ಚಿತ್ರವೊಂದರಲ್ಲಿ ಹಾಸ್ಯನಟ ಬಸ್ಟರ್ ಕೀಟನ್ ಮೇಲೆ ಮನೆಯ ಇಡೀ ಮುಂಗೋಡೆ ಬೀಳುತ್ತದೆ. ತೆರೆದ ಕಿಟಕಿ ಸರಿಯಾಗಿ ಅವರ ಸುತ್ತ ಇಳಿಯುತ್ತದೆ. ಅವರಿಗೆ ಏಟು ಬಿದ್ದಿದ್ದರೆ ನಾವು ನಗುತ್ತಿದ್ದೆವಾ?

ಈಗ ‘ಡಕ್ ಸೂಪ್’ನ ಕನ್ನಡಿಗೆ ಬರೋಣ. ಗಾಜು ಒಡೆದುಹೋಗಿದೆ. ಹಾಸ್ಯನಟ ಗ್ರೌಚೊ ಮಾರ್ಕ್ಸ್ ಎದುರು ಅವರದೇ ವೇಷದಲ್ಲಿ ಅವರ ಅಣ್ಣ ಹಾರ್ಪೊ ನಿಂತು ಪ್ರತಿಬಿಂಬದ ಹಾಗೆ ಆಡುತ್ತಾರೆ. ಮಾತೇ ಇಲ್ಲ. ಇಣುಕಿದರೆ ಇಣುಕು, ಕುಣಿದರೆ ಕುಣಿತ. ನಿಯಮ ನಮ್ಮ ಕಣ್ಣಿಗೆ ಚೆನ್ನಾಗಿ ಕೂರುತ್ತದೆ. ಆಮೇಲೆ ಇಬ್ಬರೂ ಸುತ್ತಿ ಜಾಗವನ್ನೇ ಬದಲಾಯಿಸುತ್ತಾರೆ! ಪ್ರತಿಬಿಂಬದ ಟೋಪಿ ಕೆಳಗೆ ಬೀಳುತ್ತದೆ. ಗ್ರೌಚೊ ಎತ್ತಿಕೊಡುತ್ತಾರೆ. ಅಜ್ಜಿ ನಕ್ಕಿದ್ದು ಅಲ್ಲೇ.

ಈ ಕನ್ನಡಿಯಾಟ ಇನ್ನೂ ಹಳೆಯದು. 1921ರಲ್ಲೇ ಫ್ರಾನ್ಸಿನ ಹಾಸ್ಯನಟ ಮ್ಯಾಕ್ಸ್ ಲಿಂಡರ್ ಮಾಡಿದ್ದರು. ಆ ಚಿತ್ರದ ಹೆಸರೇ ‘ಸೆವೆನ್ ಇಯರ್ಸ್ ಬ್ಯಾಡ್ ಲಕ್’. ಕನ್ನಡಿ ಒಡೆದರೆ ಏಳು ವರ್ಷ ಕೇಡು ಅನ್ನುವುದು ಪಶ್ಚಿಮ ದೇಶಗಳ ನಂಬಿಕೆ. ನಮ್ಮಲ್ಲೂ ಒಡೆದ ಕನ್ನಡಿ ಅಪಶಕುನ, ಅಲ್ವಾ? ಇದೂ ಅದೇ ಮಿದುಳಿನ ಕೆಲಸ. ಕೇಡು ಬರುತ್ತದೆ ಅಂತ ಅಂದಾಜು ಮಾಡುತ್ತದೆ. ಬಂದ ಒಂದು ದಿನವನ್ನು ನೆನಪಿಡುತ್ತದೆ, ಬಾರದ ನೂರು ದಿನ ಮರೆಯುತ್ತದೆ. ತಪ್ಪಿದ ಅಂದಾಜನ್ನು ಮೂಢನಂಬಿಕೆ ಮುಚ್ಚಿಡುತ್ತದೆ. ಹಾಸ್ಯ ಅದನ್ನೇ ಎತ್ತಿ ತೋರಿಸುತ್ತದೆ.

ಅಜ್ಜಿ ಆ ದೃಶ್ಯವನ್ನು ಮೂರು ಸಲ ಹಾಕಿಸಿಕೊಂಡಳು. ಮೂರನೇ ಸಲ ಕೇಳಿದಳು: “ಅಲ್ಲ ಕಣ್ಲಾ, ಟೋಪಿ ಎತ್‌ಕೊಟ್ಟೋನ್ಗೂ ಗೊತ್ತಾಗ್ನಿಲ್ವಾ?”